ಹೊಳೆಯಾಚೆ ಕೊಟ್ಟ ಊರು

ಅಣ್ಣ ಸಮುದ್ರಕ್ಕೇ ಸೇತುವೆ ಕಟ್ಟಿಸಿದವನು. ತಮ್ಮ ನಮ್ಮ ಸೀಮೆಗೆ ಬಂದು ಮಾಡಿದ್ದೇನು? ಬ್ರಹ್ಮಗಿರಿಯ ಬಂಡೆಗೆ ಬಾಣ ಬಿಟ್ಟು ಹೊಸದಾಗಿ ಒಂದು ಹೊಳೆಯನ್ನೇ ಹರಿಸಿಬಿಟ್ಟ. ಅಣ್ಣನಿಗೆ ಬಾಯಾರಿತ್ತು, ಒಪ್ಪಿದೆ. ಆದರೆ ಒಂದು ಚೊಂಬು ನೀರಿನಲ್ಲಿ ಮುಗಿಯುತ್ತಿದ್ದ ದಾಹಕ್ಕೆ ಲಕ್ಷ್ಮಣತೀರ್ಥ ಇರ್ಪಿನಲ್ಲಿ ಧುಮುಕಿ, ಹನಗೋಡು, ಹುಣಸೂರು ಹಾದು, ಸಾಗರಕಟ್ಟೆಯ ತನಕ ಹರಿಯಬೇಕಾಯಿತು. ಹರಿದ ದಾರಿಯುದ್ದಕ್ಕೂ ಊರುಗಳು ಆಚೆಕಡೆ ಈಚೆಕಡೆ ಎಂದು ಎರಡಾದವು. ಅವುಗಳ ನಡುವೆ ಸೇತುವೆ ಹಾಕುವ ಕೆಲಸವನ್ನು ಮಾತ್ರ ಅಣ್ಣತಮ್ಮಂದಿರಿಬ್ಬರೂ ಲೋಕೋಪಯೋಗಿ ಇಲಾಖೆಗೆ ಬಿಟ್ಟು ತೆಂಕಣ ದಿಕ್ಕಿಗೆ ನಡೆದರು. ಚುಂಚನಕಟ್ಟೆಯ ಕೋದಂಡರಾಮನ ಗುಡಿಯಲ್ಲಿ ಕೈಮುಗಿದು ನಿಂತಾಗೆಲ್ಲ ಇದನ್ನು ಕೇಳಬೇಕೆನ್ನಿಸುತ್ತದೆ. ಹೊರಗೆ ಕಾವೇರಿ ಅಷ್ಟು ಬೊಬ್ಬೆ ಹಾಕಿದರೂ ಗರ್ಭಗುಡಿಯೊಳಗೆ ಅವಳ ಸದ್ದು ಕೇಳುವುದಿಲ್ಲ ಎಂದು ಅಲ್ಲಿ ಹೇಳುತ್ತಾರೆ. ಹೊಳೆಯ ಸದ್ದೇ ಕೇಳದವನಿಗೆ ಸೇತುವೆಯ ಅಹವಾಲು ಕೇಳೀತೇ ಎಂದು ಸುಮ್ಮನಾಗುತ್ತೇನೆ.

ಹುಣಸೂರು, ಪಿರಿಯಾಪಟ್ಟಣ, ಕೆ.ಆರ್. ನಗರ, ಎಚ್.ಡಿ. ಕೋಟೆ ತಾಲ್ಲೂಕುಗಳ ನಮಗೆ ಸಮುದ್ರ ಕಾಣಬೇಕಾದರೆ ಘಟ್ಟ ಇಳಿಯಬೇಕು. ಇದು ಹೊಗೆಸೊಪ್ಪು, ಭತ್ತ, ರಾಗಿ, ಶುಂಠಿಗಳ ನೆಲ. ಜಲಸಂಧಿ ಎಂಬುದನ್ನು ನಾವು ಕಂಡದ್ದು ಭೂಗೋಳದ ಪುಸ್ತಕದಲ್ಲಿ; ಪಾಕ್ ಜಲಸಂಧಿ ಎಲ್ಲಿದೆ ಎಂಬ ಒಂದು ಅಂಕದ ಪ್ರಶ್ನೆಯಲ್ಲಿ. ಹಾಗಿದ್ದೂ 2025ರ ಜುಲೈನಲ್ಲಿ ಸಿಗಂದೂರು ಸೇತುವೆಯ ಚಿತ್ರ ಪತ್ರಿಕೆಗಳಲ್ಲಿ ಬಂದಾಗ ನಮ್ಮ ಕಡೆಯ ಟೀ ಅಂಗಡಿಗಳಲ್ಲಿ ಅದನ್ನು ಕುರಿತು ನಡೆದಷ್ಟು ಮಾತು ಆ ವಾರದ ಹೊಗೆಸೊಪ್ಪಿನ ಸಸಿಯ ಬಗ್ಗೆಯೂ ನಡೆಯಲಿಲ್ಲ. ಅಂಬಾರಗೋಡ್ಲಿನಿಂದ ಕಳಸವಳ್ಳಿಗೆ, ಶರಾವತಿಯ ಹಿನ್ನೀರಿನ ಮೇಲೆ, 2.44 ಕಿಲೋಮೀಟರ್ ಉದ್ದ. ಕಂಬಗಳಿಂದ ಇಳಿದ ಹಗ್ಗಗಳು ರಸ್ತೆಯನ್ನೇ ಎತ್ತಿ ಹಿಡಿದಿವೆ. ಖರ್ಚು ಸುಮಾರು 470 ಕೋಟಿ ರೂಪಾಯಿ. ಜುಲೈ 14ರಂದು ಕೇಂದ್ರ ಸಚಿವ ನಿತಿನ್ ಗಡ್ಕರಿ ಅದನ್ನು ಉದ್ಘಾಟಿಸಿದರು. ಒಬ್ಬರು ಗ್ಲಾಸು ಕೆಳಗಿಟ್ಟು ಕೇಳಿದರು: "ಅಲ್ಲ, ಅಷ್ಟು ದುಡ್ಡು ಸುರ್ದು ಆಚೆಕಡೆ ಇರೋದು ಎಷ್ಟು ಜನ್ರಿಗೆ?" ಇನ್ನೊಬ್ಬರು ಅಷ್ಟೇ ನಿಧಾನವಾಗಿ ಅಂದರು: "ಆಚೆಕಡೆ ಇರೋರ್ನ ಕೇಳಿ ನೋಡಿ."

ಆಚೆಕಡೆಯವರ ಕಥೆ ನಮ್ಮ ರಾಜ್ಯದ ಮಟ್ಟಿಗೆ ವಿಚಿತ್ರವಾದದ್ದು. ತುಮರಿ ಸುತ್ತಮುತ್ತಲ ಕರೂರು, ಬಾರಂಗಿ ಸೀಮೆಯ ಜನ ದ್ವೀಪದಲ್ಲಿ ಹುಟ್ಟಿದವರಲ್ಲ. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟೆ ಮುಗಿದು ನೀರು ನಿಂತಾಗ ಅವರು ಕೂತಿದ್ದ ಜಾಗ ದ್ವೀಪದಂತಾಯಿತು. ನಾಡಿಗೆಲ್ಲ ದೀಪ ಹತ್ತಿತು, ಅವರಿಗೆ ಲಾಂಚ್ ಬಂತು. ಲಾಂಚಿಗೆ ವೇಳೆ ಇತ್ತು. ಹೆರಿಗೆ ನೋವಿಗೆ, ಹಾವು ಕಚ್ಚುವುದಕ್ಕೆ ವೇಳೆ ಇಲ್ಲ. ಬೇಸಿಗೆಯಲ್ಲಿ ನೀರು ಇಳಿದರೆ ಲಾಂಚು ವಾಹನ ಹತ್ತಿಸಿಕೊಳ್ಳುತ್ತಿರಲಿಲ್ಲ. ಸಾಗರದ ಪೇಟೆ ಕಣ್ಣೆದುರಿನ ದಿಕ್ಕಿನಲ್ಲೇ ಇದ್ದರೂ ಗಾಡಿ ದಾರಿಯಲ್ಲಿ ಹೋಗಬೇಕಾದರೆ ನೀರನ್ನು ಬಳಸಿ ಊರೆಲ್ಲ ಸುತ್ತಬೇಕಿತ್ತು. ಅಂಥವರಿಗೆ ಅರವತ್ತು ವರ್ಷ ಕಳೆದ ಮೇಲೆ ಸೇತುವೆ ಬಂತು. ಎಷ್ಟು ಜನಕ್ಕೆ ಎಂದು ತಲೆ ಎಣಿಸುವುದು ತಕ್ಕುದಲ್ಲ. ನಾಡು ತೀರಿಸಬೇಕಾದ ಹಳೆಯ ಸಾಲ ಅದು. ಬಡ್ಡಿ ಕೇಳದೆ ಅಸಲು ಇಸಿದುಕೊಂಡರು, ಅವರು ದೊಡ್ಡವರು.

ಸೇತುವೆ ಎರಡು ದಡಗಳನ್ನು ಕೂಡಿಸುತ್ತದೆ ಎಂಬುದು ಉದ್ಘಾಟನೆಯ ಭಾಷಣಕ್ಕೆ ಸರಿ. ಕಟ್ಟಿದ ಮೇಲೆ ಅಲ್ಲಿ ಏನೇನಾಗುತ್ತದೆ ಎಂದು ನೋಡಿದರೆ, ಅದು ಊರುಗಳ ಮುಖವನ್ನು ಬೇರೆ ಕಡೆಗೆ ತಿರುಗಿಸುತ್ತದೆ. ನಿನ್ನೆಯವರೆಗೆ ಯಾವ ಪೇಟೆಯನ್ನು ನೋಡಿಕೊಂಡು ಬದುಕುತ್ತಿದ್ದರೋ ಅದಕ್ಕೆ ಬೆನ್ನು ಹಾಕಿ ಇನ್ನೊಂದನ್ನು ನೋಡಲು ತೊಡಗುತ್ತಾರೆ. ಸಂತೆ ಬದಲಾಗುತ್ತದೆ, ಆಸ್ಪತ್ರೆ ಬದಲಾಗುತ್ತದೆ, ಬೀಗತನದ ದಿಕ್ಕು ಬದಲಾಗುತ್ತದೆ. ಕಡೆಗೆ ಕೈಸಾಲ ಕೇಳುವ ಅಂಗಡಿಯೂ ಬದಲಾಗುತ್ತದೆ. ಇದು ನನಗೆ ಹೊಳೆದದ್ದು ದೊಡ್ಡ ಸೇತುವೆಗಳನ್ನು ನೋಡಿ ಅಲ್ಲ. ನಮ್ಮ ಸೋದರತ್ತೆಯ ಊರಿಗೆ ಬಂದ ಒಂದು ಸಾಧಾರಣ ಸೇತುವೆಯನ್ನು ನೋಡಿ.

ಅತ್ತೆಯನ್ನು ಕೊಟ್ಟಿದ್ದು ಕಾವೇರಿಯ ಆಚೆಗೆ. ಹೊಳೆಯಾಚೆ ಹೆಣ್ಣು ಕೊಡಬೇಡಿ ಎಂದು ನಮ್ಮಲ್ಲಿ ಹಿರಿಯರು ಹೇಳುತ್ತಿದ್ದರು. ವರ ಒಳ್ಳೆಯವನು, ಗದ್ದೆ ನೀರಾವರಿಯದು, ಮನೆಯಲ್ಲಿ ಹಾಲುಮೊಸರಿಗೆ ಬರವಿಲ್ಲ. ಆದರೂ ಹೊಳೆಯಾಚೆ. ಬೇಸಿಗೆಯಲ್ಲಿ ಆ ಮಾತಿಗೆ ಅರ್ಥವೇ ಇಲ್ಲ ಎನ್ನಿಸುತ್ತಿತ್ತು; ಸೀರೆಯನ್ನು ಮೊಣಕಾಲಿಗೆ ಎತ್ತಿ ಕಟ್ಟಿ, ಮಗುವನ್ನು ಸೊಂಟಕ್ಕೇರಿಸಿ ದಾಟಿಬಿಡುವಷ್ಟೇ ನೀರು. ಪಜೀತಿ ಇದ್ದದ್ದು ಪಂಚಾಂಗದಲ್ಲಿ. ಹೆಣ್ಣುಮಕ್ಕಳಿಗೆ ತವರಿನಿಂದ ಬಾಗಿನ ಹೋಗಬೇಕಾದ ಗೌರಿ ಹಬ್ಬ ಬರುವುದು ಭಾದ್ರಪದದಲ್ಲಿ. ಕೊಡಗಿನಲ್ಲಿ ಮಳೆ ಹುಯ್ದು ಕಾವೇರಿ ಕೆಂಪಗೆ ದಡ ತುಂಬಿ ಬರುವುದೂ ಸರಿಸುಮಾರು ಅದೇ ಹೊತ್ತಿಗೆ. ಶಾಸ್ತ್ರ ಬರೆದವರು ಬಯಲುಸೀಮೆಯವರಿರಬೇಕು. ಹೊಳೆ ಮಗ್ಗುಲಲ್ಲಿ ಬದುಕಿದವರಾಗಿದ್ದರೆ ಗೌರಿಯನ್ನು ಮಾಘಕ್ಕೋ ಫಾಲ್ಗುಣಕ್ಕೋ ಕರೆಸಿಕೊಳ್ಳುತ್ತಿದ್ದರು.

ಅಂತೂ ನಮ್ಮಪ್ಪ ಹೊರಡುತ್ತಿದ್ದರು. ಮಂಕರಿಯಲ್ಲಿ ಜೋಡಿ ಮೊರ. ಅದರೊಳಗೆ ಅಕ್ಕಿ, ತೊಗರಿಬೇಳೆ, ಬೆಲ್ಲದಚ್ಚು, ಅರಿಶಿನ ಕುಂಕುಮದ ಪೊಟ್ಟಣ, ಬಳೆ, ಬಿಚ್ಚೋಲೆ, ಕನ್ನಡಿ, ರವಿಕೆ ಕಣ, ತೆಂಗಿನಕಾಯಿ. ಮೇಲೆ ಬಾಳೆಲೆ ಮುಚ್ಚಿ, ಅದರ ಮೇಲೆ ಗೊಬ್ಬರದ ಚೀಲದೊಳಗಿನ ಪ್ಲಾಸ್ಟಿಕ್ ಹಾಳೆ. ದಡದಲ್ಲಿ ತೆಪ್ಪದವನಿಗೆ ಕೂಗು ಹಾಕಬೇಕು. ಅವನು ಆಚೆ ದಡದಲ್ಲಿದ್ದರೆ ಕೂಗು ಕೇಳಿಸಬೇಕು, ಕೇಳಿಸಿದರೂ ಬರುವ ಮನಸ್ಸಾಗಬೇಕು. ಅವನಿಗೆ ಸಲ್ಲುತ್ತಿದ್ದದ್ದು ದುಡ್ಡಲ್ಲ, ಸುಗ್ಗಿಯಲ್ಲಿ ಕಣದಿಂದ ಅಳೆದು ಕೊಡುವ ಭತ್ತ. ಹಾಗಾಗಿ ವರ್ಷವಿಡೀ ಅವನ ದಾಕ್ಷಿಣ್ಯದಲ್ಲಿರಬೇಕಿತ್ತು. ತೆಪ್ಪ ನೇರ ಹೋಗುವುದಿಲ್ಲ. ದಡದಗುಂಟ ಮೇಲಕ್ಕೆ ಬಹಳ ದೂರ ಎಳೆದುಕೊಂಡು ಹೋಗಿ, ಅಲ್ಲಿಂದ ಬಿಟ್ಟು, ಸುತ್ತುತ್ತ ಸುತ್ತುತ್ತ ಕೆಳಗೆ ಸಾಗಿ ಆಚೆಯ ಅರಳಿಮರಕ್ಕೆ ಮುಟ್ಟಿಸುವುದು ಅವನ ಲೆಕ್ಕ. ನಡುಹೊಳೆಯಲ್ಲಿ ಅಪ್ಪ ಮಂಕರಿಯನ್ನು ತಬ್ಬಿ ಕೂತು ಗಂಗೆಗೆ ಒಂದು ಕಾಯಿ ಹೇಳಿಕೊಳ್ಳುತ್ತಿದ್ದರಂತೆ. ಇಳಿದ ಮೇಲೆ ಆ ಕಾಯಿ ಒಡೆಸಿದರೋ ಇಲ್ಲವೋ ಅಮ್ಮನಿಗೆ ಕೊನೆವರೆಗೂ ಅನುಮಾನವಿತ್ತು.

ಇಷ್ಟು ಪಾಡು ಪಟ್ಟು ಹೋದವರನ್ನು ಬಾಗಿನ ಇಸಿದುಕೊಂಡು ಕಳುಹಿಸುತ್ತಾರೆಯೇ? ಗಣೇಶನೂ ಮುಗಿಯಲಿ, ನೀರೂ ಇಳಿಯಲಿ ಎಂದು ಉಳಿಸಿಕೊಳ್ಳುತ್ತಿದ್ದರು. ಅಷ್ಟರಲ್ಲಿ ಅಲ್ಲಿಯ ಗದ್ದೆಯ ನಾಟಿ ಹೇಗಿದೆ, ಯಾರ ಮನೆಯ ಎತ್ತು ಚುಂಚನಕಟ್ಟೆ ಜಾತ್ರೆಗೆ ತಯಾರಾಗುತ್ತಿದೆ, ಯಾರ ಮನೆಯಲ್ಲಿ ಹೆಣ್ಣು ನೆರೆದು ನಿಂತಿದೆ ಎಂಬುದೆಲ್ಲ ಅಪ್ಪನ ತಲೆಗೆ ಸೇರುತ್ತಿತ್ತು. ಅವರು ಹಿಂತಿರುಗಿ ಬಂದಾಗ ಅಮ್ಮನಿಗೆ ಒಂದು ವಾರಕ್ಕಾಗುವಷ್ಟು ಸುದ್ದಿ.

ಸೇತುವೆ ಬಂತು. ಅದರ ಮೇಲೆ ಮೊದಲು ಹೋದದ್ದು ಮಂತ್ರಿಗಳ ಕಾರು, ಆಮೇಲೆ ಮರಳು ಲಾರಿ, ಬಹಳ ದಿನದ ನಂತರ ಸರ್ಕಾರಿ ಬಸ್ಸು. ಅಪ್ಪನ ಬದಲಿಗೆ ನಮ್ಮಣ್ಣ ಸ್ಕೂಟರಿನಲ್ಲಿ ಬಾಗಿನ ಕೊಟ್ಟು, ನಿಂತಲ್ಲೇ ಒಂದು ಲೋಟ ಕಾಫಿ ಕುಡಿದು, ಹೊತ್ತು ನೆತ್ತಿಗೇರುವ ಮೊದಲೇ ಮನೆಗೆ ಬಂದುಬಿಡುತ್ತಿದ್ದ. ಒಂದು ವರ್ಷ ಅಪ್ಪನೂ ಹಿಂದಿನ ಸೀಟಿನಲ್ಲಿ ಕೂತು ಹಾಗೇ ಹೋಗಿ ಹಾಗೇ ಬಂದರು. ಮುಂದಿನ ಸಲ ಅತ್ತೆ ಅಮ್ಮನ ಹತ್ತಿರ ದೂರು ಹೇಳಿದ್ದು ಹೀಗೆ: "ಸೇತ್ವೆ ಆದ್ಮೇಲೆ ನಮ್ಮಣ್ಣ ನಮ್ಮನೇಲಿ ಕೈ ತೊಳ್ಯೋದ್ನೇ ಬಿಟ್ಬುಟ್ಟ ಕಣತ್ಗೆ."

ಹಾಗೆಂದು ಅತ್ತೆ ಸೇತುವೆಯನ್ನು ಬೇಡ ಎಂದಳೇ? ಎಂದೂ ಇಲ್ಲ. ಅವಳ ಮೊದಲ ಎರಡು ಹೆರಿಗೆ ಮನೆಯಲ್ಲೇ ಆಗಿದ್ದವು. ಎರಡನೆಯದು ಉಳಿಯಲಿಲ್ಲ, ಅದು ಶ್ರಾವಣ. ಅವಳ ಸೊಸೆಯ ಹೆರಿಗೆಗೆ ಆಟೋ ಸೇತುವೆ ದಾಟಿ ಕೆ.ಆರ್. ನಗರದ ಆಸ್ಪತ್ರೆ ಬಾಗಿಲಿಗೆ ಹೋಗಿ ನಿಂತಿತು. ಹಳೆಯ ತೆಪ್ಪದ ದಿನಗಳು ಎಷ್ಟು ಚಂದ ಎಂದು ಬರೆಯುವವರು ಸಾಮಾನ್ಯವಾಗಿ ಗಂಡಸರು. ನಾನೂ ಮೇಲೆ ಎರಡು ಪ್ಯಾರಾ ಬರೆದಿದ್ದೇನೆ. ಆ ಮಾತಿನಲ್ಲಿ ಅತ್ತೆ ನಮ್ಮ ಪಕ್ಷಕ್ಕೆ ಬರುವುದಿಲ್ಲ.

ಊರಿನ ಮುಖ ತಿರುಗಿದ್ದನ್ನು ಮೊದಲು ತೋರಿಸಿದ್ದು ಸಂತೆ. ಅವರ ದಡದಲ್ಲೇ ಒಂದು ಊರಿನಲ್ಲಿ ವಾರದ ಸಂತೆ ಸೇರುತ್ತಿತ್ತು. ಸುತ್ತಲ ಹಳ್ಳಿಯವರೆಲ್ಲ ಅಲ್ಲಿಗೇ ನಡೆಯಬೇಕು, ಬೇರೆ ದಾರಿಯಿಲ್ಲ. ಸೇತುವೆಯಾದ ಮೇಲೆ ಪೇಟೆ ಕೈಗೆಟುಕಿತು. ಸಂತೆಗೆ ಬರುವ ಗಾಡಿ ಕಡಿಮೆಯಾಯಿತು, ಕಡೆಗೆ ಒಣಮೀನಿನವರು ಒಂದಿಬ್ಬರು ಮಾತ್ರ ಉಳಿದರು. ಸಂತೆಯ ಊರಿನವರು ಸೇತುವೆಯನ್ನು ಬೈದರು, ಸೇತುವೆ ತುದಿಯ ಊರಿನವರು ರಸ್ತೆಗೆ ಮುಖ ಮಾಡಿ ಮಳಿಗೆ ಕಟ್ಟಿಸಿದರು. ಅಲ್ಲಿವರೆಗೆ ಅವರ ಮನೆಗಳ ತಲೆಬಾಗಿಲು ಇದ್ದದ್ದು ಬೀದಿಗೆ. ಈಗ ಹಿತ್ತಿಲೇ ಮುಂಬಾಗಿಲಾಯಿತು, ದನದ ಕೊಟ್ಟಿಗೆ ಇದ್ದ ಕಡೆ ಮೊಬೈಲ್ ರೀಚಾರ್ಜ್ ಅಂಗಡಿ.

ಇದನ್ನೇ ದೊಡ್ಡದಾಗಿ ನೋಡಬೇಕಾದರೆ ಪಿರಿಯಾಪಟ್ಟಣ ತಾಲ್ಲೂಕಿನ ಕೊಪ್ಪಕ್ಕೆ ಹೋಗಬೇಕು. ಅಲ್ಲಿ ಕಾವೇರಿಯೇ ಎಲ್ಲೆ. ಈಚೆ ಮೈಸೂರು ಜಿಲ್ಲೆ, ಆಚೆ ಕೊಡಗಿನ ಕುಶಾಲನಗರ. 1834ರಲ್ಲಿ ಕಂಪನಿ ಸರ್ಕಾರ ಕೊಡಗನ್ನು ವಶಕ್ಕೆ ತೆಗೆದುಕೊಂಡ ಮೇಲೆ ಕರ್ನಲ್ ಫ್ರೇಸರನ ಹೆಸರಿನಲ್ಲಿ ಅದು ಫ್ರೇಸರ್‌ಪೇಟೆ ಆಗಿತ್ತು. 1956ರ ನವೆಂಬರ್ 1ರ ತನಕ ಕೊಡಗು ಬೇರೆಯೇ ರಾಜ್ಯ. ಕೊಪ್ಪದವರು ಒಂದು ಸೇರು ಉಪ್ಪಿಗೆ ರಾಜ್ಯ ದಾಟುತ್ತಿದ್ದರು. ಈಗ ಇಲ್ಲಿ ರಾಜ್ಯವೊಂದೇ, ಜಿಲ್ಲೆ ಎರಡು, ಪೇಟೆ ಮಾತ್ರ ಒಂದೇ, ಅದೂ ಆಚೆ ದಡದ್ದು. ಪಿರಿಯಾಪಟ್ಟಣ ತಮ್ಮ ತಾಲ್ಲೂಕು ಕೇಂದ್ರ ಎಂಬುದು ಕೊಪ್ಪದ ಕಡೆಯವರಿಗೆ ಪಹಣಿ ಬೇಕಾದಾಗ ನೆನಪಾಗುತ್ತದೆ.

ಇನ್ನೂ ಸ್ವಾರಸ್ಯವಾದದ್ದು ಬೈಲಕುಪ್ಪೆಯದು. 1960ರ ಹೊತ್ತಿಗೆ ಟಿಬೆಟನ್ನರಿಗೆಂದು ಅಂದಿನ ಮೈಸೂರು ಸರ್ಕಾರ ಸುಮಾರು 3,000 ಎಕರೆ ಕಾಡುನೆಲ ಕೊಟ್ಟದ್ದು ಪಿರಿಯಾಪಟ್ಟಣ ತಾಲ್ಲೂಕಿನಲ್ಲಿ. ನಾಮ್‌ಡ್ರೋಲಿಂಗ್ ವಿಹಾರ ಇರುವುದೂ ಇಲ್ಲೇ. ಅದರ ಚಿನ್ನದ ಬಣ್ಣದ ಬುದ್ಧರಿರುವ ಗುಡಿ 1999ರಲ್ಲಿ ಆಯಿತು. ಬೆಂಗಳೂರಿನಿಂದ ಬರುವ ಯಾವ ಪ್ರವಾಸಿಯನ್ನಾದರೂ ಕೇಳಿ: "ಕೂರ್ಗ್‌ನ ಗೋಲ್ಡನ್ ಟೆಂಪಲ್" ಎನ್ನುತ್ತಾನೆ. ಫೋಟೋ ತೆಗೆದುಕೊಳ್ಳುವುದು ಮೈಸೂರು ಜಿಲ್ಲೆಯಲ್ಲಿ, ಹೆಸರು ಹೋಗುವುದು ಕೊಡಗಿಗೆ. ಊಟ, ವಸತಿ, ಕಾಳುಮೆಣಸಿನ ಪೊಟ್ಟಣ, ಮನೆಯಲ್ಲಿ ಮಾಡಿದ ಚಾಕೊಲೇಟು ಎಲ್ಲ ಸೇತುವೆಯಾಚೆ. ಬೈಲಕುಪ್ಪೆಯನ್ನು ನಾವು ಹೊಳೆಯಾಚೆ ಮದುವೆ ಮಾಡಿಕೊಟ್ಟಂತಾಗಿದೆ. ಮಗಳು ಕಣ್ಣೆದುರೇ ಇದ್ದಾಳೆ, ಮನೆತನದ ಹೆಸರು ಮಾತ್ರ ಅವರದ್ದು.

ಸ್ವೀಡನ್ನಿನ ಮಾಲ್ಮೋ ಊರಿನವರಿಗೂ ಹೀಗೇ ಆಯಿತು ಎಂದು ಓದಿದ್ದೇನೆ. 2000ನೇ ಇಸವಿಯ ಜುಲೈ 1ರಂದು ಓರೆಸುಂಡ್ ಜಲಸಂಧಿಯ ಸೇತುವೆ ತೆರೆದಾಗ ಅವರು ಸ್ವೀಡನ್ನಿನ ರಾಜಧಾನಿಗೆ ಬೆನ್ನು ಹಾಕಿ ಡೆನ್ಮಾರ್ಕಿನ ಕೋಪನ್‌ಹೇಗನ್ನಿಗೆ ಮುಖ ಮಾಡಿದರು. ಅಲ್ಲಿ ಸಂಬಳ ಹೆಚ್ಚು, ಇಲ್ಲಿ ಮನೆ ಸೋವಿ. ಬೆಳಿಗ್ಗೆ ರೈಲು ಹತ್ತಿ ಬೇರೆ ದೇಶಕ್ಕೆ ಕೆಲಸಕ್ಕೆ ಹೋಗಿ ಸಂಜೆ ಊಟಕ್ಕೆ ಬರುವವರ ಸಂಖ್ಯೆ ಬೆಳೆಯಿತು. ಬೆಳಗಿನ ರೈಲಿನಲ್ಲಿ ಕೆ.ಆರ್. ನಗರದಿಂದ ಮೈಸೂರಿಗೆ ಹೋಗುವ ಗುಮಾಸ್ತರು, ನರ್ಸುಗಳು, ಕಾಲೇಜು ಹುಡುಗರನ್ನು ನೋಡಿದರೆ ಕೋಪನ್‌ಹೇಗನ್ನಿನ ಕಥೆ ತೀರ ದೂರದ್ದೆನಿಸುವುದಿಲ್ಲ. ಅವರಿಗೂ ಒಂದು ಜಲಸಂಧಿ ಇದೆ, ಸಾಗರಕಟ್ಟೆಯಲ್ಲಿ. ಮಳೆಗಾಲ ಚೆನ್ನಾಗಿ ಆದ ವರ್ಷ ರೈಲು ಅಲ್ಲಿಗೆ ಬಂದಾಗ ಎರಡೂ ಕಿಟಕಿಗಳ ತುಂಬ ನೀರು. ಇಸ್ಪೀಟು ಆಡುತ್ತಿರುವವರೂ ಒಂದು ಗಳಿಗೆ ತಲೆಯೆತ್ತಿ ನೋಡಿ, ಕನ್ನಂಬಾಡಿ ಎಷ್ಟು ಅಡಿಗೆ ಬಂದಿದೆ ಎಂದು ಅಂದಾಜು ಹೇಳಿ, ಮತ್ತೆ ಎಲೆ ಇಳಿಸುತ್ತಾರೆ.

ನಮ್ಮ ಸೀಮೆಯ ನೀರಿನ ಅಡ್ಡಿಗಳಲ್ಲಿ ಅರ್ಧದಷ್ಟು ಲಕ್ಷ್ಮಣ ಬಾಣ ಬಿಟ್ಟು ತಂದದ್ದಲ್ಲ, ನಾವೇ ಕಟ್ಟೆ ಕಟ್ಟಿ ನಿಲ್ಲಿಸಿದ್ದು. 1911ರಲ್ಲಿ ಕನ್ನಂಬಾಡಿಯಲ್ಲಿ ಕೆಲಸ ಶುರುವಾಗಿ, 124.80 ಅಡಿ ಎಂಬ ಅಂಕಿ ಈ ಜಿಲ್ಲೆಯ ಜನರಿಗೆ ಮಕ್ಕಳ ಹುಟ್ಟಿದ ದಿನದಷ್ಟು ಬಾಯಿಪಾಠವಾಗುವ ಹೊತ್ತಿಗೆ ಹಿನ್ನೀರು ಕೆ.ಆರ್. ನಗರದ ಬಾಗಿಲಿಗೆ ಬಂದಿತ್ತು. ಆ ಪಟ್ಟಣವೇ ಹೊಳೆಗೆ ಹೆದರಿ ಜಾಗ ಬದಲಾಯಿಸಿದ ಊರು. ಅರ್ಕೇಶ್ವರನ ಎಡತೊರೆ ಕಾವೇರಿಯ ದಡದಲ್ಲೇ ಉಳಿಯಿತು, ನಾಲ್ವಡಿಯವರ ಹೆಸರಿನ ಹೊಸ ಊರು ಎತ್ತರದ ನೆಲದಲ್ಲಿ ಚೌಕಾಕಾರದ ಬೀದಿಗಳೊಂದಿಗೆ ಎದ್ದಿತು.

ಹಿಂದಿನವರ ಸೇತುವೆಗಳು ಬೇರೆ ಲೆಕ್ಕದವು. ನಂಜನಗೂಡಿನಲ್ಲಿ ಕಪಿಲೆಯ ಮೇಲೆ ದಳವಾಯಿಗಳು 1735ರಲ್ಲಿ ಕಟ್ಟಿಸಿದ್ದು, ಶ್ರೀರಂಗಪಟ್ಟಣದಲ್ಲಿ ಪೂರ್ಣಯ್ಯನವರು 1804ರಲ್ಲಿ ಕಟ್ಟಿಸಿ ವೆಲ್ಲೆಸ್ಲಿಯ ಹೆಸರಿಟ್ಟದ್ದು. ಎರಡೂ ಕಲ್ಲಿನವು, ಎಷ್ಟೋ ನೆರೆ ಕಂಡವು. ನಂಜನಗೂಡಿನದರ ಮೇಲೆ ಮುಂದೆ ರೈಲೂ ಓಡಿತು. ದಂಡು, ಫಿರಂಗಿ, ತೇರಿಗೆ ಬರುವ ಯಾತ್ರಿಕರು ಇವರಿಗಾಗಿ ಕಟ್ಟಿದ ಸೇತುವೆಗಳಲ್ಲಿ ಹಾಲಿನ ಕ್ಯಾನು ದಾಟಿದ್ದು ಬಹಳ ತಡವಾಗಿ.

ಕಬಿನಿಯ ವಿಷಯಕ್ಕೆ ಬಂದರೆ ಸ್ವಲ್ಪ ನಿಧಾನಿಸಬೇಕು. ಎಚ್.ಡಿ. ಕೋಟೆ ತಾಲ್ಲೂಕಿನ ಬೀಚನಹಳ್ಳಿ ಬಿದರಹಳ್ಳಿಗಳ ನಡುವೆ ಅಣೆಕಟ್ಟೆ ಮುಗಿದದ್ದು 1974ರಲ್ಲಿ. ಊರುಗಳು ಮುಳುಗಿದ್ದು ಕೋಟೆ ತಾಲ್ಲೂಕಿನಲ್ಲಿ, ಕಾಲುವೆಯ ನೀರು ಬಹುಮಟ್ಟಿಗೆ ಹೋದದ್ದು ಕೆಳಗಿನ ನಂಜನಗೂಡು, ತಿ. ನರಸೀಪುರದ ಕಡೆಗೆ. ಮುಳುಗಿದ್ದರಲ್ಲಿ ಮಾಸ್ತಮ್ಮನ ಹಳೆಯ ಗುಡಿಯೂ ಇತ್ತು, ಕಾಕನಕೋಟೆಯ ಖೆಡ್ಡಾ ಬಯಲೂ ಇತ್ತು. ಕೊನೆಯ ಖೆಡ್ಡಾ ನಡೆದದ್ದು 1971ರಲ್ಲಿ. ಮಹಾರಾಜರ ಅತಿಥಿಗಳಿಗೆ ತೋರಿಸುತ್ತಿದ್ದ ಆ ಬೇಟೆಯಲ್ಲಿ ಎಲ್ಲರೂ ಉಸಿರು ಬಿಗಿಹಿಡಿದು ನೋಡುತ್ತಿದ್ದದ್ದು ಕಾಡಾನೆಯ ಹಿಂಡನ್ನು ಹೊಳೆ ದಾಟಿಸುವ ಗಳಿಗೆಯನ್ನು. ಹಿಂದೆ ತಮಟೆ, ಕೂಗು, ಬೆಂಕಿ, ಮುಂದೆ ನೀರು. ಮರಿಗಳನ್ನು ಹೊಟ್ಟೆಯ ಕೆಳಗಿಟ್ಟುಕೊಂಡು ತಾಯಾನೆಗಳು ಇಳಿಯುತ್ತಿದ್ದವಂತೆ.

ಆನೆ ಮತ್ತು ಜಲಸಂಧಿ ಎಂದಾಗ ಇಟಲಿಯ ಒಂದು ಹಳೆಯ ಕಥೆ ಹೇಳಲೇಬೇಕು. ಇಟಲಿಗೂ ಸಿಸಿಲಿಗೂ ನಡುವೆ ಮೆಸ್ಸಿನಾ ಎಂಬ ಜಲಸಂಧಿ ಇದೆ, ಇಕ್ಕಟ್ಟಾದ ಕಡೆ ಮೂರು ಕಿಲೋಮೀಟರ್ ಚಿಲ್ಲರೆ. ಕ್ರಿಸ್ತಪೂರ್ವ 3ನೇ ಶತಮಾನದಲ್ಲಿ ಮೆಟೆಲ್ಲಸ್ ಎಂಬ ರೋಮನ್ ಸೇನಾಪತಿ ಕಾರ್ಥೇಜಿನವರಿಂದ ನೂರಕ್ಕೂ ಹೆಚ್ಚು ಆನೆ ಹಿಡಿದುಕೊಂಡ. ಅವನ್ನು ರೋಮಿಗೆ ಸಾಗಿಸಬೇಕು, ಮಧ್ಯೆ ಸಮುದ್ರ. ದೊಡ್ಡ ದೊಡ್ಡ ಹಂಡೆಗಳನ್ನು ಸಾಲಾಗಿ ಕಟ್ಟಿ, ಅದರ ಮೇಲೆ ಹಲಗೆ ಹಾಸಿ ತೆಪ್ಪ ಮಾಡಿ, ಆನೆಗಳನ್ನು ದಾಟಿಸಿದನೆಂದು ಪ್ಲಿನಿ ಬರೆದಿಟ್ಟಿದ್ದಾನೆ. ಅಂದಿನಿಂದ ಇಂದಿನವರೆಗೆ ಅಲ್ಲಿ ಒಂದು ಖಾಯಂ ಸೇತುವೆಯ ಮಾತು ನಡೆಯುತ್ತಲೇ ಇದೆ. 2025ರ ಆಗಸ್ಟಿನಲ್ಲಿ ಇಟಲಿ ಸರ್ಕಾರ ಕೊನೆಗೂ ಒಪ್ಪಿಗೆ ಮುದ್ರೆ ಒತ್ತಿತು. ಅಕ್ಟೋಬರಿನಲ್ಲಿ ಅಲ್ಲಿಯ ಲೆಕ್ಕ ತಪಾಸಣೆಯ ನ್ಯಾಯಾಲಯ ಅಡ್ಡಗಾಲು ಹಾಕಿತು. ಎರಡು ಸಾವಿರ ವರ್ಷ ಕಾದವರಿಗೆ ಇದು ಯಾವ ಲೆಕ್ಕ! ನಮ್ಮ ಕಡೆಯವರು ಫೈಲು ತಡವಾಯಿತೆಂದು ಕೊರಗುವಾಗ ನಾನು ಮೆಸ್ಸಿನಾದ ಹೆಸರು ಹೇಳಿ ಸಮಾಧಾನ ಮಾಡುತ್ತೇನೆ. ಯಾರಿಗೂ ಸಮಾಧಾನವಾದಂತೆ ಕಂಡಿಲ್ಲ.

ಯಾಕೆಂದರೆ ಕೋಟೆ ತಾಲ್ಲೂಕಿನಲ್ಲೂ ಒಂದು ಮೆಸ್ಸಿನಾ ಇದೆ. ದೊಡ್ಡಬೈರನಕುಪ್ಪೆ ಎಂದು ಊರ ಹೆಸರು, ಬರೆಯುವುದು ಡಿ.ಬಿ. ಕುಪ್ಪೆ ಎಂದು, ಆಚೆಯವರು ಕರೆಯುವುದು ಬೈರಕುಪ್ಪೆ. ಮೂರು ಕಡೆ ನಾಗರಹೊಳೆಯ ಕಾಡು, ಒಂದು ಕಡೆ ಕಬಿನಿ. ಹೊಳೆಯಾಚೆ ಕೇರಳದ ವಯನಾಡು; ಪೆರಿಕ್ಕಲ್ಲೂರು, ಮರಕ್ಕಡವು ಎಂಬ ಕಡವುಗಳು. ನಡುವೆ ಇರುವುದು ಒಂದು ಕೂಗಿನಷ್ಟು ನೀರು. ದೋಣಿಗಳು ಬೆಳಗಿನಿಂದ ಸಂಜೆವರೆಗೆ ಅತ್ತಿಂದಿತ್ತ ಓಡಾಡುತ್ತವೆ. ಶಾಲೆ ಮಕ್ಕಳು, ಕೂಲಿಗೆ ಹೋಗುವ ಜೇನುಕುರುಬರು, ಎರವರು, ಕಾಳುಮೆಣಸು ಕೊಯ್ಯುವವರು, ಪುಲ್ಪಳ್ಳಿಯ ಡಾಕ್ಟರಿಗೆ ತೋರಿಸಿಕೊಂಡು ಬರುವವರು. ಆ ದಡದಲ್ಲಿ ಇಳಿದರೆ ಪೆರಿಕ್ಕಲ್ಲೂರಿನಿಂದ ಕೋಟ್ಟಯಂ ಕಡೆಗೆ ನೇರ ಬಸ್ಸುಂಟು. ತಿರುವಾಂಕೂರಿನಿಂದ ಗುಳೆ ಬಂದು ವಯನಾಡಿನಲ್ಲಿ ನೆಲೆಸಿದವರು ತಮ್ಮ ಹಿಂದೆಯೇ ಬಸ್ಸನ್ನೂ ಕರೆಸಿಕೊಂಡರು. ಈ ದಡದಲ್ಲಿ ನಮ್ಮ ತಾಲ್ಲೂಕು ಕೇಂದ್ರಕ್ಕೆ ಹೋಗಬೇಕಾದರೆ ಬಳ್ಳೆಯ ಕಾಡು ಹಾದು, ಅಂತರಸಂತೆ ಮೇಲೆ ಬರಬೇಕು. ಸಂಜೆ 6ಕ್ಕೆ ಆ ರಸ್ತೆಯ ಗೇಟು ಬೀಳುತ್ತದೆ, ಏಳುವುದು ಬೆಳಿಗ್ಗೆ 6ಕ್ಕೆ. ಹುಲಿ, ಆನೆ ನೆಮ್ಮದಿಯಾಗಿ ಓಡಾಡಲಿ ಎಂದು ಇಟ್ಟ ನಿಯಮ, ಅದರಲ್ಲಿ ತಪ್ಪು ಹೇಳಲಾರೆ. ಕತ್ತಲಾದ ಮೇಲೆ ಮಾತ್ರ ಡಿ.ಬಿ. ಕುಪ್ಪೆಯವರಿಗೆ ತಮ್ಮ ತಾಲ್ಲೂಕೇ ಪರದೇಶ.

ಸೇತುವೆಯ ಮಾತು ಇಲ್ಲಿ ಹಳೆಯದು. ಕಳೆದ ಶತಮಾನದ ತೊಂಬತ್ತರ ದಶಕದಲ್ಲಿ ಎರಡೂ ರಾಜ್ಯದವರು ಸೇರಿ ಅಡಿಗಲ್ಲು ಹಾಕಿದರು. ಕಲ್ಲಿನ ಮೇಲೆ ಕಂಬ ಏಳಲಿಲ್ಲ. ಇದು ಹುಲಿ ಸಂರಕ್ಷಿತ ಪ್ರದೇಶ, ಸೇತುವೆಯಾದರೆ ವಯನಾಡಿಗೂ ಮೈಸೂರಿಗೂ ಹೊಸ ಹೆದ್ದಾರಿಯೇ ಆಗುತ್ತದೆ ಎಂಬುದು ಅರಣ್ಯದವರ ಆತಂಕ. ಅದು ಬರಿಯ ನೆವ ಅಲ್ಲ. ಬೇಸಿಗೆಯಲ್ಲಿ ಕಬಿನಿಯ ಹಿನ್ನೀರು ಇಳಿದು ಹಸಿರು ಹುಲ್ಲು ಚಿಗುರಿದಾಗ ಸುತ್ತಲ ಕಾಡುಗಳ ಆನೆಗಳೆಲ್ಲ ಅಲ್ಲಿ ನೆರೆಯುವುದನ್ನು ಕಂಡವರು ಆ ದಾರಿಯಲ್ಲಿ ರಾತ್ರಿ ಟಿಪ್ಪರ್ ಓಡಲಿ ಎಂದು ಹೇಳಲಾರರು. ಮೆಸ್ಸಿನಾದಲ್ಲಿ ಆನೆಗಳಿಗಾಗಿ ತೆಪ್ಪ ಕಟ್ಟಿದರು. ಇಲ್ಲಿ ಆನೆಗಳಿಗಾಗಿ ಸೇತುವೆ ಬೇಡ ಎನ್ನುತ್ತಾರೆ. ಆನೆಗಳು ತಮ್ಮ ಪಾಡಿಗೆ ಈಜಿಕೊಂಡು ಹೋಗುತ್ತವೆ.

ಕೊರೋನಾ ಕಾಲದಲ್ಲಿ ದೋಣಿ ನಿಂತಿತು. ಆಗ ಗೊತ್ತಾಯಿತು ಈ ಊರಿನ ಮುಖ ಯಾವ ಕಡೆಗೆ ಎಂದು. ಔಷಧಿ ಆಚೆ, ನಂಟರು ಆಚೆ, ಕೂಲಿ ಆಚೆ. ಈಚೆ ಇದ್ದದ್ದು ಓಟಿನ ಚೀಟಿ ಮತ್ತು ರೇಷನ್ ಕಾರ್ಡು. ಕಾಂಕ್ರೀಟು ಬೀಳದಿದ್ದರೂ ದೋಣಿಯವರು ದಿನಾ ಒಂದಿಷ್ಟು ಜನರನ್ನು ದಾಟಿಸಿ ದಾಟಿಸಿ ಊರನ್ನು ಆಚೆ ದಡಕ್ಕೆ ಕೊಟ್ಟು ಎಷ್ಟೋ ವರ್ಷವಾಗಿತ್ತು. ಸೇತುವೆ ಕಟ್ಟಿದರೆ ಊರು ಕೇರಳದ ಪಾಲಾಗುತ್ತದೆ ಎಂದು ಮೈಸೂರಿನಲ್ಲಿ ಕೂತು ಹೇಳುವವರು ಒಮ್ಮೆ ಸಂಜೆ 6 ಗಂಟೆಗೆ ಡಿ.ಬಿ. ಕುಪ್ಪೆಯಲ್ಲಿ ನಿಂತು ನೋಡಬೇಕು. ಸೇತುವೆಗಿಂತ ಮೊದಲು ಬೇಕಾದದ್ದು ಈ ಕಡೆಯಿಂದ ಒಂದು ಒಳ್ಳೆಯ ಆಸ್ಪತ್ರೆ, ಹೈಸ್ಕೂಲು, ಹೊತ್ತಿಗೆ ಸರಿಯಾಗಿ ಒಂದು ಬಸ್ಸು. ಇದು ನನ್ನ ಖಚಿತ ಅಭಿಪ್ರಾಯ, ಅಲ್ಲಿಯವರು ಇದಕ್ಕೂ ಕಾದು ಸುಸ್ತಾಗಿದ್ದಾರೆ ಎಂಬುದು ಗೊತ್ತಿದ್ದರೂ.

ಇದಕ್ಕೆಲ್ಲ ನನ್ನಲ್ಲಿ ಒಂದು ಉಪಾಯವೂ ಇತ್ತು. ಸುಳ್ಯದ ಗಿರೀಶ್ ಭಾರದ್ವಾಜರು 1989ರಲ್ಲಿ ಅರಂಬೂರಿನಲ್ಲಿ ಪಯಸ್ವಿನಿಯ ಮೇಲೆ ಒಂದು ತೂಗುಸೇತುವೆ ಕಟ್ಟಿದರು. ಆಮೇಲೆ ನೂರಕ್ಕೂ ಹೆಚ್ಚು ಕಟ್ಟಿ, 2017ರಲ್ಲಿ ಪದ್ಮಶ್ರೀ ಪಡೆದರು. ಉಕ್ಕಿನ ಹಗ್ಗ, ಹಲಗೆ, ಎರಡು ಕಡೆ ಗೋಪುರ. ದೊಡ್ಡ ಸೇತುವೆಯ ಖರ್ಚಿನ ಒಂದು ಪಾಲೂ ಆಗುವುದಿಲ್ಲ. ಅಂಥದ್ದು ನಮ್ಮಲ್ಲೂ ಇದೆ. ಕಣಿವೆಯಲ್ಲಿ ಕಾವೇರಿಯ ಮೇಲಿನ ತೂಗುಸೇತುವೆಯ ಒಂದು ತುದಿ ಕೊಡಗಿನಲ್ಲಿ, ಇನ್ನೊಂದು ತುದಿ ಪಿರಿಯಾಪಟ್ಟಣ ತಾಲ್ಲೂಕಿನಲ್ಲಿ. ಡಿ.ಬಿ. ಕುಪ್ಪೆಯಲ್ಲೂ ಹೀಗೊಂದು ಹಾಕಿದರೆ ಶಾಲೆಯ ಮಕ್ಕಳು ಹೋಗುತ್ತಾರೆ, ರೋಗಿಯನ್ನು ಹೊತ್ತು ದಾಟಿಸಬಹುದು, ಲಾರಿ ಮಾತ್ರ ಹೋಗಲಾರದು, ಆನೆ ಹತ್ತಲಾರದು. ಕಾಡಿಗೂ ಕೆಡುಕಿಲ್ಲ, ಊರಿಗೂ ದಾರಿಯಾಯಿತು.

ಬಾವಲಿ ರಸ್ತೆಯಲ್ಲಿ, ಗೇಟು ಬೀಳುವುದಕ್ಕೆ ಇನ್ನೂ ಸ್ವಲ್ಪ ಹೊತ್ತಿದ್ದಾಗ, ಟೀ ಕುಡಿಯಲು ನಿಂತಿದ್ದ ಒಬ್ಬ ರೈತರಿಗೆ ಇದನ್ನು ಬಲು ಹುರುಪಿನಿಂದ ವಿವರಿಸಿದೆ. ಅವರು ಪೂರ್ತಿ ಕೇಳಿದರು. ಬಿಸ್ಕತ್ತನ್ನು ಟೀಯಲ್ಲಿ ಅದ್ದಿ ತಿಂದು ಮುಗಿಸಿದರು. ಆಮೇಲೆ ಕೇಳಿದರು:

"ಎಲ್ಲಾ ಸರಿ ಸಾ, ಅದ್ರ ಮ್ಯಾಲೆ ಶುಂಠಿ ಮೂಟೆ ಓಯ್ತದಾ?"